ಕಸದ ಬುಟ್ಟಿಯ ಆಣೆ

ಕಸ ನೋಡಿ ಮನೆ ಗುರುತಿಸುವುದನ್ನು ನನಗೆ ಕಲಿಸಿದವಳು ಹಾನಗಲ್ಲಿನ ಜಾಡಮಾಲಿ ಹೆಂಗಸು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಬುಟ್ಟಿಯನ್ನು ಗುಂಡಿಯ ದಂಡೆಗೆ ಸುರುವಿ ಬರಿಗೈಯಿಂದ ಒಮ್ಮೆ ಹರವಿದಳೆಂದರೆ, ನನ್ನ ಗಂಡ ಪತ್ರಿಕೆ ಓದುವಷ್ಟೇ ಸಲೀಸಾಗಿ ಓದಿಬಿಡುತ್ತಿದ್ದಳು.

"ಇದನ್ನ ನೋಡ್ರಿ ಬಾಯಾರ. ಉಳ್ಳಾಗಡ್ಡಿ ಸಿಪ್ಪಿ ಇಲ್ಲ, ಬಳ್ಳೊಳ್ಳಿ ಸಿಪ್ಪಿ ಇಲ್ಲ. ಆಚಾರ್ರ ಮನೀದು. ಇದರಾಗ ಹಸರು ಬಳಿ ಚೂರು ಅದಾವ. ಬಳಿಗಾರ ತಗದಿದ್ರ ಹಿಂಗ ಪುಡಿ ಆಗತಿದ್ದಿಲ್ಲ. ಜಗಳ ಆಗೇತಿ."

"ಯಾವ ಆಚಾರ್ರ ಮನ್ಯಾಗ?"

"ಅದನ್ನ ನೀವ ಹೇಳ್ರಿ ನೋಡೂಣು. ಕಾನ್ವೆಂಟಿನ್ಯಾಗ ಏನ ಕಲಿಸ್ಯಾರ ನಿಮಗ?"

ಹೀಗೆಂದು ನಗುವಾಗ ಅವಳು ಕೈಯನ್ನು ಬಾಯಿಯ ಹತ್ತಿರ ತರುತ್ತಿರಲಿಲ್ಲ. ಕೈ ಕಸದ್ದು. ಮೊಣಕೈಯನ್ನು ಅಡ್ಡ ಹಿಡಿದು ನಗುತ್ತಿದ್ದಳು. ಇಷ್ಟು ವರ್ಷಗಳಾದ ಮೇಲೂ, ಯಾರಾದರೂ ಬೆವರು ಒರೆಸಿಕೊಳ್ಳಲೆಂದು ಮೊಣಕೈ ಎತ್ತಿದರೆ ಸಾಕು, ನನಗೆ ಆ ನಗು ಕೇಳಿಸುತ್ತದೆ.

ನಾನು ಈ ಕೆಲಸಕ್ಕೆ ಬಿದ್ದದ್ದು ಇಂಗ್ಲಿಷು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಯುದ್ಧದ ವರ್ಷಗಳು ಅವು. ನಮ್ಮವರು ಊರ ದವಾಖಾನೆಯ ಡಾಕ್ಟರು. ಪೇಟೆಯಲ್ಲಿ ಕಾಳು ಕಡಿ ಸಿಗುವುದು ದುಸ್ತರವಾಗಿತ್ತು. ಊರ ಕಸವನ್ನೆಲ್ಲ ಗೊಬ್ಬರ ಮಾಡಿ ಗದ್ದೆಗೆ ಹಾಕಿರೆಂದು ಮೇಲಿನಿಂದ ಒಂದು ಇಂಗ್ಲಿಷ್ ಪುಸ್ತಿಕೆ ಬಂದಿತ್ತು. ಅದು ಊರ ಹಿರಿಯರ ಕೈಯಿಂದ ಕೈಗೆ ದಾಟಿ, ಮೂಲೆಗಳು ಮಡಚಿ, ಎಣ್ಣೆಯ ಕಲೆ ಹತ್ತಿಸಿಕೊಂಡು ಕೊನೆಗೆ ನಮ್ಮ ಮನೆಗೆ ಮುಟ್ಟಿತು. ತಂದವರು ಶಿಗ್ಗಾಂವಿಯಲ್ಲಿದ್ದ ಆರೋಗ್ಯದ ಇನ್ಸ್‌ಪೆಕ್ಟರರು. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಬಂದಿದ್ದರಿಂದ ಅವರ ಮೂಗಿನ ಸುತ್ತ ಕಪ್ಪು ಕಟ್ಟಿತ್ತು.

"ಡಾಕ್ಟರ್ ಸಾಹೇಬ್ರಿಗೆ ಪುರಸತ್ತಿಲ್ಲ. ಬಾಯಾರು ಓದಿ ಹೇಳ್ಲಿ, ನಾವು ಮಾಡೂಣು," ಎಂದರು.

ಓದಿ ಹೇಳುವುದರಿಂದ ಶುರುವಾದದ್ದು ತಿಂಗಳೊಳಗೆ ಕೆರೆಯಾಚೆಯ ಗುಂಡಿಗಳ ಬಳಿ ಕೊಡೆ ಹಿಡಿದು ನಿಲ್ಲುವವರೆಗೆ ಬಂತು.

ಆಗ ಊರಿನಲ್ಲಿ ಮನೆಗೊಂದು ತಿಪ್ಪೆ. ಹಿತ್ತಲಲ್ಲಿ ಜಾಗ ಇದ್ದವರದು ಹಿತ್ತಲಲ್ಲಿ, ಇಲ್ಲದವರದು ಓಣಿಯಲ್ಲಿ, ಕೆಲವರದು ಬಾವಿಗೆ ಹತ್ತು ಹೆಜ್ಜೆಯಲ್ಲಿ. ಮಳೆ ಬಂದರೆ ಎಲ್ಲ ಕರಗಿ ಒಂದಾಗಿ ಹರಿಯುತ್ತಿತ್ತು. ವಾಂತಿಭೇದಿಯವರು ದವಾಖಾನೆಯ ಕಟ್ಟೆಯ ಮೇಲೆ ಸಾಲಾಗಿ ಮಲಗಿರುವುದನ್ನು ನಾನು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ನೋಡುತ್ತಿದ್ದೆ. ಹೀಗಾಗಿ ಗೊಬ್ಬರಕ್ಕಿಂತಲೂ ಊರು ಸ್ವಚ್ಛವಾಗುತ್ತದೆಂಬುದೇ ನನಗೆ ದೊಡ್ಡದಾಗಿ ಕಂಡಿತ್ತು.

ಪುಸ್ತಿಕೆಯ ಪ್ರಕಾರ ಎರಡು ಮೊಳ ಆಳದ ಉದ್ದನ್ನ ಗುಂಡಿ ತೋಡಬೇಕು. ಗೇಣು ದಪ್ಪ ಕಸ, ಅದರ ಮೇಲೆ ತೆಳ್ಳಗೆ ಮನುಷ್ಯರ ಮಲ, ಮತ್ತೆ ಕಸ. ಹಿರಿಯರ ಮುಂದೆ ಆ ಸಾಲನ್ನು ಓದುವಾಗ ನನ್ನ ಕಿವಿ ಬಿಸಿಯಾಯಿತು. ಒಬ್ಬರು ಮೆಲ್ಲನೆ ಕೇಳಿದರು: "ಆ ಗೊಬ್ಬರದ ಅಕ್ಕಿ ದೇವರಿಗೆ ಎಡಿ ಹಿಡಿಯೂದು ಹ್ಯಾಂಗ್ರಿ ಬಾಯಾರ?" ಕೊನೆಗೆ ಮಲದ ಬದಲು ಸಗಣಿ ರಾಡಿಗೆ ಎಲ್ಲರೂ ಒಪ್ಪಿದರು.

ಮೊದಲನೆಯ ಗುಂಡಿಗೆ ಮಳೆನೀರು ನುಗ್ಗಿತು. ಎಂಟು ದಿನಕ್ಕೆ ಅದರ ನಾತ ಕೆರೆ ದಾಟಿ ಪೇಟೆಗೆ ಬಂದು, "ಡಾಕ್ಟರ್ ಬಾಯಾರ ಅತ್ತರು" ಎಂದು ಹುಡುಗಿಯರು ಮೂಗು ಮುಚ್ಚಿಕೊಂಡು ಆಡಿಕೊಳ್ಳುವಂತಾಯಿತು. ಎರಡನೆಯದು ನಾರಲಿಲ್ಲ, ಕೊಳೆಯಲೂ ಇಲ್ಲ. ಗುಂಡಿಯ ಹೊಟ್ಟೆಯಲ್ಲಿ ಕಬ್ಬಿಣದ ಸಲಾಕೆ ಚುಚ್ಚಿಟ್ಟು ಮೂರನೆಯ ದಿನ ಎಳೆದರೆ ಅದು ಕೈ ಸುಡಬೇಕು. ನಮ್ಮದು ತಣ್ಣಗೆ ಹಾವಿನಂತೆ ಹೊರಬಂತು. ಕಾರಣ ಹೊಳೆಯಲಿಲ್ಲ. ಸವಣೂರಿನಲ್ಲಿ ನನ್ನೊಂದಿಗೆ ಕಾನ್ವೆಂಟಿನಲ್ಲಿ ಓದಿದ ಗೆಳತಿಯೊಬ್ಬಳಿದ್ದಳು, ವೀಳ್ಯದೆಲೆಯ ತೋಟದ ಮುಸಲ್ಮಾನರ ಮನೆಯವಳು. ಅವಳನ್ನು ಕೇಳಲು ಗಾಡಿ ಕಟ್ಟಿಸಿಕೊಂಡು ಹೋದೆ. ಅವಳು ಪರದೆಯ ಹಿಂದಿನಿಂದಲೇ ತೋಟದ ಮುದುಕನನ್ನು ಕೂಗಿ ಕೇಳಿದಳು. ಅವನು ನಕ್ಕ. "ಬೂದಿ ಹಾಕ್ಯಾರ್ರಿ. ಊರ ಒಲೀ ಬೂದಿ ಎಲ್ಲಾ ಒಂದ ಕಡೆ ಬಿದ್ದರ ಗೊಬ್ಬರ ಉಸಿರಾಡೂದಿಲ್ಲ."

ಅಂದಿನಿಂದ ನಿಯಮವಾಯಿತು: ಬೂದಿ ಬೇರೆ ಡಬ್ಬಿಯಲ್ಲಿ, ಕಸ ಬೇರೆ ಬುಟ್ಟಿಯಲ್ಲಿ. ಈ ಚಿಕ್ಕ ನಿಯಮವನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಗುಂಡಿ ಸರಿಹೋಯಿತು, ಕಸ ಬರಲಿಲ್ಲ. ಸೋಮವಾರ ಎತ್ತು ಹೂಡುವಂತಿಲ್ಲ, ಅದು ಬಸವಣ್ಣನ ದಿನ. ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಹೊರಗೆ ಕೊಡುವಂತಿಲ್ಲ, ಲಕ್ಷ್ಮಿ ಹೋಗುತ್ತಾಳೆ. ಇವನ್ನೆಲ್ಲ ಒಪ್ಪಿಕೊಂಡು ಉಳಿದ ದಿನ ಗಾಡಿ ಕಳಿಸಿದರೂ ಅದು ಬರಿದಾಗಿಯೇ ತಿರುಗಿ ಬರುತ್ತಿತ್ತು. ತಿಪ್ಪೆ ಬಿಟ್ಟುಕೊಟ್ಟವರಿಗೆ ಅಷ್ಟೇ ಗೊಬ್ಬರ ವಾಪಸು ಎಂದು ಡಂಗುರ ಹೊಡೆಸಿದೆವು. ಆಗಲೂ ಇಲ್ಲ. ಕಾರಣ ಹೇಳಿದವಳು ಕಾಳಿನ ಅಂಗಡಿಯ ಯಜಮಾನತಿ. ಐವತ್ತರ ಹತ್ತಿರದ, ಗಟ್ಟಿ ದನಿಯ, ಓಣಿಯ ಹೆಂಗಸರೆಲ್ಲ "ಅಕ್ಕಾರ" ಎಂದು ಕರೆಯುತ್ತಿದ್ದ ಹಿರಿಯಳು. ತನ್ನ ಪಡಸಾಲೆಯಲ್ಲೇ ಎಲ್ಲರನ್ನೂ ಕೂಡಿಸಿದಳು.

"ಖರೇ ಮಾತು ಯಾರೂ ನಿಮಗ ಹೇಳೂದಿಲ್ರಿ ಡಾಕ್ಟರ್ ಬಾಯಾರ, ನಾ ಹೇಳ್ತೇನಿ," ಎಂದಳು. "ತಿಪ್ಪಿ ಅಂದ್ರ ನಮ್ಮ ಹಿತ್ತಲದಾಗ ಇರತೈತಿ. ನಾವು ಏನ ತಿಂದ್ವಿ, ಏನ ಒಡದ್ವಿ, ಯಾರು ಹೊರಗ ಕುಂತ್ರು, ಯಾರ ಮಗಳು ಬಸರಿದ್ದಾಕಿ ಈಗ ಇಲ್ಲ, ಎಲ್ಲಾ ಅದರಾಗ. ಅದನ್ನ ಬುಟ್ಟ್ಯಾಗ ಹಾಕಿ ಊರ ಮುಂದ ಮೆರವಣಿಗಿ ಮಾಡ್ರಿ ಅಂತೀರಿ ನೀವು."

ಹಿಂದಿನಿಂದ ಒಬ್ಬಳು ಕೂಗಿದಳು: "ಅದೂ ಆ ಜಾಡಮಾಲಿ ಹೆಂಗಸು ಕಸಾ ನೋಡಿ ಜಾತಕಾ ಹೇಳ್ತಾಳಂತ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚಿತು. ಕಾನ್ವೆಂಟಿನ ಸಿಸ್ಟರು ನಮಗೆ ಹೇಳುತ್ತಿದ್ದರು: ಒಬ್ಬರ ಕಾಗದವನ್ನೂ ಒಬ್ಬರ ಕಣ್ಣೀರನ್ನೂ ಕೇಳದೆ ನೋಡಬಾರದು. ನಾನು ಊರ ಕಸವನ್ನೆಲ್ಲ ಕೇಳದೆ ನೋಡಹೊರಟಿದ್ದೆ. ಅಲ್ಲಿ ಕ್ರಿಸ್ತರ ಹುಡುಗಿಯರು ಶನಿವಾರ ಮರದ ಜಾಲರಿಗೆ ಮುಖವಿಟ್ಟು ಪಾದ್ರಿಗಳಿಗೆ ತಪ್ಪು ಹೇಳಿಕೊಳ್ಳುತ್ತಿದ್ದರು. ಆ ಕಿವಿಗೆ ಬಿದ್ದದ್ದು ಪ್ರಾಣ ಹೋದರೂ ಬಾಯಿಗೆ ಬರುವುದಿಲ್ಲವೆಂದು ಕೇಳಿ ನನಗೆ ಎಳವೆಯಲ್ಲಿ ದೊಡ್ಡ ಬೆರಗಾಗಿತ್ತು. ಅದು ಈಗ ನೆನಪಾಯಿತು. ಎದ್ದು ದೇವರ ಜಗುಲಿಯ ವಿಭೂತಿ ಗಟ್ಟಿಯ ಮೇಲೆ ಕೈಯಿಟ್ಟೆ.

"ಕಸದಾಗ ಕಂಡದ್ದು ಏನ ಇರ್ಲಿ, ಯಾರದ ಇರ್ಲಿ, ನನ್ನ ಬಾಯಿಂದ ಹೊರಗ ಬರೂದಿಲ್ಲ. ಇದು ನನ್ನ ಆಣಿ," ಎಂದೆ.

ಅಕ್ಕ ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಹಸಿರು ಖಣ ತಂದು ನನ್ನ ಉಡಿ ತುಂಬಿದಳು. ಅದೇ ತಾನಿನ ಖಣದ ಕುಬಸವನ್ನು ಆಕೆ ತೊಟ್ಟಿದ್ದಳು. ಅದರ ಕೆಂಪು ರೇಷ್ಮೆ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ಬಿಳಿ ಚುಕ್ಕಿ ಇದ್ದುದನ್ನು ನಾನು ಆಗಲೇ ಗಮನಿಸಿದ್ದೆ. ಮರುದಿನ ಮೊದಲ ಬುಟ್ಟಿ ಅಕ್ಕನ ಮನೆಯಿಂದಲೇ ಬಂತು. ಹದಿನೈದು ದಿನದೊಳಗೆ ಗಾಡಿ ತುಂಬತೊಡಗಿತು.

ಜಾಡಮಾಲಿ ಹೆಂಗಸಿಗೆ ಆಣೆಯ ಸುದ್ದಿ ಅದೇ ಸಂಜೆ ಮುಟ್ಟಿತ್ತು. "ಹಂಗಾರ ನಂದೂ ಬಾಯಿ ಹೊಲದ್ರಿ?" ಎಂದು ಕೇಳಿದಳು.

"ನನ್ನ ಮುಂದ ಅಷ್ಟ ಹೇಳು."

"ನಿಮ್ಮ ಮುಂದನೂ ಬ್ಯಾಡ್ರಿ. ನೀವ ಹೇಳ್ರಿ, ನಾ ಬರೋಬ್ಬರಿನೋ ತಪ್ಪೋ ಅಷ್ಟ ಅಂತೇನಿ."

ಹೀಗೆ ನನ್ನ ಪಾಠ ನಡೆಯಿತು. ಹುಣಸೆಯ ನಾರು, ಹತ್ತಿಯ ಬೀಜ, ಕತ್ತರಿಸಿದ ಉಗುರು, ಕೂಸಿನ ಕಣ್ಣಿನ ಕಾಡಿಗೆ ಒರೆಸಿದ ಚಿಂದಿ. ನಾನು ಮನೆ ಹೇಳಿದರೆ ಅವಳು "ಬರೋಬ್ಬರಿ" ಎಂದು ಗುಂಡಿಗೆ ತಳ್ಳುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿ ಕೊಡೆಯ ನೆರಳಿನಲ್ಲಿ, ಅವಳು ಬಿಸಿಲಿನಲ್ಲಿ. ಆ ಅಂತರ ಅಳೆಯಬೇಕೆಂದು ಆಗ ನನಗೆ ಅನ್ನಿಸಲೇ ಇಲ್ಲ. ಅವಳಿಗೆ ನೀರು ಬೇಕಾದರೆ ನಾನು ಮೇಲಿನಿಂದ ಸುರಿಯುತ್ತಿದ್ದೆ. ಅದನ್ನು ದಯೆ ಎಂದುಕೊಂಡಿದ್ದೆ.

ಸುಗ್ಗಿಯ ಕಾಳು ಮನೆಗೆ ಬರುವ ಚಳಿಯ ದಿನಗಳಲ್ಲಿ ನಮ್ಮ ಸೀಮೆಗೆ ಪ್ಲೇಗಿನ ಭಯ ಇದ್ದೇ ಇತ್ತು. ಮೊದಲು ಇಲಿ ಬೀಳುತ್ತವೆ, ಅವುಗಳ ಚಿಗಟ ಕಚ್ಚಿ ಆಮೇಲೆ ಮನುಷ್ಯರು. ಮನೆಯಲ್ಲಿ ಸತ್ತ ಇಲಿ ಕಂಡರೆ ಕೂಡಲೇ ದವಾಖಾನೆಗೆ ತಿಳಿಸಬೇಕು, ಅದೇ ದಿನ ಮನೆ ಬಿಡಬೇಕು. ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡು ಚಳಿ ಕಳೆಯಬೇಕು. ಆ ವರ್ಷ ತಡಸದ ಕಡೆ ಇಲಿ ಬಿದ್ದಿವೆಯಂತೆ ಎಂಬ ಸುದ್ದಿ ಬಂದಿತ್ತು. ನಮ್ಮವರು ಪ್ಲೇಗಿನ ಸೂಜಿ ಹಾಕಲು ಶುರುಮಾಡಿದರು. ನನಗೂ ಹಾಕಿದರು. ಜಾಡಮಾಲಿ ಹೆಂಗಸು ಮಾತ್ರ ಮುಂದೆ ಹಾಕುತ್ತ ಬಂದಳು.

"ಎರಡು ದಿನಾ ಕೈ ಏಳೂದಿಲ್ಲಂತ್ರಿ. ಊರ ಕಸಾ ಯಾರು ಎತ್ತಬೇಕು, ನೀವ?"

ಆ ಬುಧವಾರವೂ ಎಂದಿನಂತೆ ಬುಟ್ಟಿಗಳನ್ನು ದಂಡೆಯ ಮೇಲೆ ಸಾಲಾಗಿ ಇಳಿಸಿದ್ದರು. ಸಾಲಿನ ಕೊನೆಯದರ ಮೇಲೆ ಬೂದಿ ಇತ್ತು. ಒಂದು ಹಿಡಿಯಲ್ಲ, ಮೇಲೆಲ್ಲ ದಪ್ಪಗೆ, ಅಂಗೈಯಿಂದ ತಟ್ಟಿ ಕೂರಿಸಿದ ಬೂದಿ. ಬುಟ್ಟಿಯ ಕಂಠಕ್ಕೆ ಸುತ್ತಿದ ಹಗ್ಗದಿಂದ ಅದು ಕಾಳಿನ ಅಂಗಡಿಯ ಅಕ್ಕನದೆಂದು ಗೊತ್ತಾಯಿತು. ಬೂದಿಯ ನಿಯಮವನ್ನು ಓಣಿಗೆಲ್ಲ ಕಲಿಸಿದವಳೇ ಆಕೆ. ಅದಕ್ಕೇ ನನ್ನ ಕಣ್ಣು ಅಲ್ಲಿ ನಿಂತಿತು. ಕೊಡೆಯ ತುದಿಯಿಂದ ಬೂದಿಯನ್ನು ತುಸು ಸರಿಸಿದೆ. ಹಸಿರು ಖಣದ ಚೂರು ಕಂಡಿತು, ಕೆಂಪು ಅಂಚು, ಅಂಚಿನಲ್ಲಿ ಎಳ್ಳಿನಷ್ಟು ಬಿಳಿ ಚುಕ್ಕಿ. ಖಣದ ಮಡಿಕೆಯಿಂದ ಒಂದು ಬಾಲ ಹೊರಗಿಣುಕಿತ್ತು. ಮಡಿಕೆ ಸರಿದ ಕಡೆ ಬೂದುಬಣ್ಣದ ತುಪ್ಪಳದ ಮೇಲೆ ಅರಿಷಿಣ, ಕುಂಕುಮ. ಗಣಪನ ವಾಹನವನ್ನು ಬರಿದೇ ಒಗೆಯಬಾರದೆಂದು ಪೂಜೆಮಾಡಿ, ಒಳ್ಳೆಯ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು.

ನಾನು ಬೂದಿಯನ್ನು ಮತ್ತೆ ಮೇಲೆ ಎಳೆದೆ.

ಆಚೆ ಬುಟ್ಟಿಯ ಮುಂದೆ ಕೂತಿದ್ದ ಅವಳು ತಲೆ ಎತ್ತಿದಳು. "ಏನರ ಐತೇನ್ರಿ ಬಾಯಾರ?"

"ಏನೂ ಇಲ್ಲ. ಹಾಕು."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಆ ಬುಟ್ಟಿಯನ್ನು ಎದೆಗವಚಿ ಎತ್ತಿ, ಹರವದೆ, ಓದದೆ, ಹಾಗೆಯೇ ಗುಂಡಿಗೆ ಸುರಿದಳು. ಬೂದಿ ಎದ್ದು ಅವಳ ತೋಳು, ಕತ್ತು, ಸೆರಗಿನ ಮೇಲೆಲ್ಲ ಕೂತಿತು.

ನಾನು ನೇರ ಅಕ್ಕನ ಮನೆಗೆ ಹೋದೆ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಆಕೆಯ ಸೊಸೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಒಂಬತ್ತು ತುಂಬಿತ್ತು. ಪಾದಗಳು ಬಾತು ಕಾಲುಂಗುರ ಬೆರಳಿನೊಳಗೆ ಹೂತಿದ್ದವು.

"ಬರ್ರಿ, ಕುಂದರ್ರಿ. ಚಾ ಮಾಡ್ತೇನಿ," ಎನ್ನುತ್ತ ಅಕ್ಕ ಒಳಗಿನಿಂದ ಬಂದಳು.

"ಚಾ ಬ್ಯಾಡ್ರಿ ಅಕ್ಕಾರ."

"ಇವತ್ತ ನೀವು ಬ್ಯಾಡ ಅನಬ್ಯಾಡ್ರಿ," ಎಂದಳು. ಅಷ್ಟರಲ್ಲೇ ನನಗೂ ಅವಳಿಗೂ ಎಲ್ಲ ತಿಳಿಯಿತು.

ಅಡುಗೆಮನೆಯ ಬಾಗಿಲಲ್ಲಿ ಮೆಲ್ಲನೆ ಕೇಳಿದೆ: "ಎಷ್ಟು ಬಿದ್ದಾವ್ರಿ?"

"ಒಂದ. ಈ ಒಲೀ ಆಣಿ, ಒಂದ. ಕಾಳಿನ ಚೀಲದ ಹಿಂದ."

"ದವಾಖಾನಿಗೆ ಹೇಳಬೇಕಲ್ರಿ."

"ಹೇಳಿದ್ರ ಸಂಜೀಗೆ ಮನಿ ಬಿಡಸ್ತಾರ. ಎರಡು ಕೂಸು ಕಳಕೊಂಡಾಳ ಆಕಿ. ಈ ಥಂಡ್ಯಾಗ, ಹೊಲದಾಗ, ತಟ್ಟಿ ಮರ್ಯಾಗ ಮೂರನೇದನ್ನ ಹ್ಯಾಂಗ ಹಡೀಬೇಕು? ಸೂಲಗಿತ್ತಿ ಇವತ್ತೋ ನಾಳೆನೋ ಅಂದಾಳ. ನಾಕು ದಿವಸ ಕೊಡ್ರಿ. ಆಮ್ಯಾಲ ನಾನ ಬಂದು ಡಾಕ್ಟರ ಮುಂದ ನಿಂದರ್ತೇನಿ."

ಆಕೆ ಚಹಾದ ಬಟ್ಟಲನ್ನು ನನ್ನ ಕೈಗಿಟ್ಟಳು. ಬೆಲ್ಲದ ಚಹಾ.

"ನೀವು ಆಣಿ ಮಾಡೀರಿ. ಆ ಆಣಿ ನಂಬಿ ನಾ ನನ್ನ ಮನೀ ಕಸಾ ಕೊಟ್ಟೇನಿ. ನನ್ನ ನೋಡಿ ಓಣಿ ಕೊಟ್ಟೈತಿ."

ಅದು ಬೆದರಿಕೆಯಾಗಿರಲಿಲ್ಲ. ಆಕೆಯ ಕಣ್ಣು ಸೊಸೆಯ ಪಾದದ ಮೇಲಿತ್ತು. ನಾನು ಹಿಂದೆ ತಿರುಗಿ ನೋಡಿದೆ. ಆ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಈ ಬುಟ್ಟಿಯ ಗುಟ್ಟು ಒಡೆದರೆ ನಾಳೆ ಯಾವ ಮನೆಯೂ ಕಸ ಕೊಡುವುದಿಲ್ಲ, ತಿಪ್ಪೆಗಳು ಮತ್ತೆ ಬಾವಿಯ ಬಳಿ ಏಳುತ್ತವೆ ಎಂದೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ಕೊಟ್ಟ ಮಾತಿಗೆ ತಪ್ಪದವಳು ಎಂದು ನನ್ನನ್ನು ನಾನು ಕಂಡುಕೊಳ್ಳಬೇಕಿತ್ತು.

"ರವಿವಾರ ಮಟ," ಎಂದೆ.

ಆ ಲೆಕ್ಕದಲ್ಲಿ ಬುಟ್ಟಿ ಎತ್ತಿದವಳು ಇರಲೇ ಇಲ್ಲ. ಅದು ನನಗೆ ಹೊಳೆದದ್ದು ಮರುದಿನ, ಅವಳು ಬರಿಗೈಯಿಂದ ಕಸ ಹರವುತ್ತಿದ್ದಾಗ. ಮನೆಯಿಂದ ಒಂದು ಬಿದಿರಿನ ಕೋಲು ತರಿಸಿ ಕೊಟ್ಟೆ.

"ಇನ್ನ ಮುಂದ ಇದರಿಂದ ಹರವು."

"ಕೋಲಿನಿಂದ ಹರವಿದ್ರ ಓದೂದು ಹ್ಯಾಂಗ್ರಿ?" ಎಂದು ಮೊಣಕೈ ಅಡ್ಡ ಹಿಡಿದಳು.

"ಮತ್ತ ಇವತ್ತ ಹೋಗಿ ಸೂಜಿ ಹಾಕಿಸ್ಕೊ. ಕಸಾ ಎರಡು ದಿನಾ ಬಿದ್ದಿರ್ಲಿ."

ಅವಳ ನಗು ನಿಂತಿತು. "ಯಾಕ್ರಿ ಬಾಯಾರ? ಊರಾಗ ಇಲಿ ಬಿದ್ದಾವೇನು?"

ಇಲ್ಲಿ ಹೇಳಬಹುದಿತ್ತು. ಮನೆಯ ಹೆಸರು ಹೇಳದೆ "ಹೌದು" ಎಂದಷ್ಟೇ ಅಂದಿದ್ದರೂ ಆಗುತ್ತಿತ್ತು. ಆದರೆ ಆಣೆಯನ್ನು ನಾನು ಗಾಜಿನ ಪಾತ್ರೆಯ ಹಾಗೆ ಹಿಡಿದುಕೊಂಡಿದ್ದೆ, ಎಲ್ಲಿ ಮುಟ್ಟಿದರೂ ಒಡೆಯುತ್ತದೆಂಬಂತೆ.

"ಇಲ್ಲ," ಎಂದೆ. "ಸುಮ್ಮನ ಹೇಳಿದ್ನಿ."

"ಹಂಗಾರ ಮುಂದಿನ ವಾರ ನೋಡೂಣ್ರಿ," ಎಂದಳು.

ಶುಕ್ರವಾರ ಗಾಡಿ ಇಲ್ಲ. ಶನಿವಾರ ಅವಳು ಬಂದಳು, ಎರಡೇ ಬುಟ್ಟಿ ಎತ್ತಿ ಸೊಂಟ ಹಿಡಿದು ಕೂತಳು. ಥಂಡಿ ಹತ್ತಿದೆ ಎಂದಳು. ರವಿವಾರ ಅವಳ ಬದಲು ಅವಳ ತಂಗಿ ನಮ್ಮ ಅಂಗಳದ ಆಚೆ ನಿಂತು ಕೂಗಿದಳು: "ಸಾಹೇಬ್ರ, ಅಕ್ಕಗ ಉರಿ ಬಂದಾವ್ರಿ, ಏನೇನೋ ಮಾತಾಡಾಕತ್ತಾಳ."

ನಮ್ಮವರು ಚೀಲ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಅವಳ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಗುಡಿಸಲ ಮುಂದೆ ಸಾರಿಸಿದ ಅಂಗಳ, ಅಂಗಳದಲ್ಲಿ ಒಂದು ಕಡ್ಡಿ ಇರಲಿಲ್ಲ. ಕಣ್ಣು ರೂಢಿಯಂತೆ ತಿಪ್ಪೆಯನ್ನು ಹುಡುಕಿತು. ತಿಪ್ಪೆ ಇರಲಿಲ್ಲ. ಊರ ಕಸವನ್ನೆಲ್ಲ ಓದಿದವಳ ಮನೆಯಲ್ಲಿ ಒಗೆಯುವಂಥದ್ದು ಏನೂ ಇರಲಿಲ್ಲ.

ಅವಳ ಎಡಗೈ ಮೈಗೆ ಹತ್ತುತ್ತಿರಲಿಲ್ಲ. ಬಗಲಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಯಾವ ಕೈ ಎತ್ತಿ ನಗುತ್ತಿದ್ದಳೋ ಅದೇ ಕೈ. ನನ್ನನ್ನು ನೋಡಿ ಗುರುತು ಹಿಡಿದಳೋ ಇಲ್ಲವೋ. "ಬರೋಬ್ಬರಿ," ಎಂದಳು. ಮತ್ತೆ ಒಮ್ಮೆ, "ಬರೋಬ್ಬರಿ ಐತ್ರಿ."

ತಿರುಗಿ ಬರುವಾಗ ಕೆರೆಯ ಏರಿಯ ಮೇಲೆ ನಿಂತು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಗದರಿಸಲಿಲ್ಲ.

"ಎಂದ ನೋಡಿದಿ?"

"ಬುಧವಾರ."

ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸಿ ಎಣಿಸಿದರು. "ಅವತ್ತ ಹೇಳಿದ್ದರ..." ಎಂದು ಶುರುಮಾಡಿ ನಿಲ್ಲಿಸಿದರು. ಆ ಮಾತನ್ನು ಅವರು ಎಂದೂ ಪೂರ್ಣ ಮಾಡಲಿಲ್ಲ. ಮಾಡಿದ್ದರೆ ನನಗೆ ತುಸು ಹಗುರಾಗುತ್ತಿತ್ತೇನೋ.

ಮಂಗಳವಾರ ಬೆಳಗಾಗುವಷ್ಟರಲ್ಲಿ ಅವಳು ಹೋದಳು.

ಅಷ್ಟರಲ್ಲಿ ಊರು ಹೊಲಗಳಿಗೆ ನಡೆದಿತ್ತು. ಆ ಚಳಿಯಲ್ಲಿ ಮತ್ತೂ ಕೆಲವರು ಹೋದರು. ಯಾರಿಗೆ ಯಾವ ಇಲಿಯಿಂದ ಬಂತೆಂದು ಹೇಳುವವರಿಲ್ಲ. ಇವಳದು ಮಾತ್ರ ನನಗೆ ಗೊತ್ತು. ಅಕ್ಕನ ಸೊಸೆ ನಾನು ಕೊಟ್ಟ ನಾಲ್ಕು ದಿನಗಳಲ್ಲಿ ಹಡೆಯಲೇ ಇಲ್ಲ. ಗುಡಿಸಲಿಗೆ ಹೋದ ಎಂಟನೆಯ ದಿನ, ತಟ್ಟಿಯ ಮರೆಯಲ್ಲಿ, ಬಿಸಿಲೇರುವ ಹೊತ್ತಿಗೆ ಹೆಣ್ಣು ಕೂಸಿಗೆ ಜನ್ಮ ಕೊಟ್ಟಳು. ತಾಯಿ, ಮಗು ಇಬ್ಬರೂ ನೆಟ್ಟಗಿದ್ದರು. ನೋಡಲು ಹೋದಾಗ ಅಕ್ಕ ಕೂಸನ್ನು ನನ್ನ ಉಡಿಯಲ್ಲಿ ಇಟ್ಟಳು. ಅದು ಬೆಚ್ಚಗಿತ್ತು. ನನಗೆ ಬೂದಿಯೊಳಗಿನ ಖಣ ನೆನಪಾಗಿ, ಬೇಗ ತಿರುಗಿ ಕೊಟ್ಟುಬಿಟ್ಟೆ.

ಬೇಸಿಗೆಯಲ್ಲಿ ಜನ ಊರಿಗೆ ಮರಳಿದ ಮೇಲೆ ಗುಂಡಿ ತೆಗೆಯುವ ದಿನ ಬಂತು. ಜಾಡಮಾಲಿ ಹೆಂಗಸಿನ ಜಾಗದಲ್ಲಿ ಈಗ ಅವಳ ತಂಗಿ, ಅದೇ ಬುಟ್ಟಿಗಳು. ಗೊಬ್ಬರ ಕಪ್ಪಗೆ, ಉದುರುದುರಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಹೊತ್ತು ಬಂದಿತ್ತು. ಹಿರಿಯರು ಮುಷ್ಟಿಯಲ್ಲಿ ಹಿಡಿದು ನೋಡಿ ಹಿಗ್ಗಿದರು. ಇನ್ಸ್‌ಪೆಕ್ಟರರು ಶಿಗ್ಗಾಂವಿಯಿಂದ ಬಂದು ಒಂದು ಡಬ್ಬಿಯಲ್ಲಿ ಮಾದರಿಗೆ ತುಂಬಿಕೊಂಡರು. ಗುಂಡಿಯ ಬಿಸಿಯಲ್ಲಿ ಯಾವ ರೋಗದ ಬೀಜವೂ ಉಳಿಯುವುದಿಲ್ಲವೆಂದು ನಮ್ಮವರು ಹೇಳಿದ್ದರು. ಎಲ್ಲರೂ ಹೋದ ಮೇಲೆ ತಂಗಿ ಗೊಬ್ಬರದಿಂದ ಏನನ್ನೋ ಹಿರಿದು ಸೆರಗಿಗೆ ಒರೆಸಿದಳು. ಕೊಳೆಯದೆ ಉಳಿದ ರೇಷ್ಮೆಯ ಅಂಚು, ಬೆರಳುದ್ದ, ಕೆಂಪು.

"ನಿಮ್ಮ ಕುಬಸದ್ದ ಇದ್ದಂಗ ಐತಲ್ರಿ ಬಾಯಾರ. ನಿಮ್ಮ ಮನೀದೇನು?"

ಅಂದು ನಾನು ತೊಟ್ಟದ್ದು ಉಡಿ ತುಂಬಿದ ಆ ಖಣದ ಕುಬಸವೇ.

"ಹೌದು," ಎಂದೆ. "ನಂದ."

ಅವಳು ಅದನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಮ್ಮಕ್ಕಾ ಆ ಬುಧವಾರ ಸಂಜೀಕ ಹೇಳಿದ್ಲ್ರಿ. ಬಾಯಾರು ಇಷ್ಟು ದಿನದಾಗ ಒಂದ ಸಲಾನೂ ಕಸದಾಗ ಏನೂ ಇಲ್ಲ ಅಂದಿದ್ದಿಲ್ಲ, ಇವತ್ತ ಅಂದ್ರು, ಅಂದ್ರ ಏನೋ ಐತಿ ಅಂತ."

"ಮತ್ಯಾಕ ಎತ್ತಿದ್ಲು?"

"ನಾನೂ ಅದನ್ನ ಕೇಳಿದ್ನಿ. ಕೆದರಿ ನೋಡಿದ್ರ ಅವರ ಆಣಿ ಮುರೀತೈತಿ, ಪಾಪ, ಅಂದ್ಲು."

ತಂಗಿ ಆ ಅಂಚನ್ನು ನನ್ನ ಮುಂದೆ ಕಲ್ಲಿನ ಮೇಲಿಟ್ಟು ಬುಟ್ಟಿ ಎತ್ತಿಕೊಂಡಳು.

ಮರುವರ್ಷ ನಮ್ಮವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹಾನಗಲ್ಲಿನ ಗೊಬ್ಬರದ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಇಲ್ಲಿಯೂ ಶುರುಮಾಡಿರೆಂದು ಹಿರಿಯರು ಕೇಳಿದಾಗ ನಾನು ಮೂರು ಬೇಡಿಕೆ ಇಟ್ಟೆ: ಕಸ ಎತ್ತುವವರಿಗೆ ಉದ್ದ ಹಿಡಿಯ ಸಲಿಕೆ, ಕಬ್ಬಿಣದ ಇಕ್ಕಳ, ಮತ್ತು ಸೂಜಿ ಹಾಕಿಸಿಕೊಂಡ ಎರಡು ದಿನ ಪಗಾರದೊಡನೆ ರಜೆ. ಅವು ಸಿಕ್ಕವು. ಹೆಂಗಸರನ್ನು ಕೂಡಿಸಿದಾಗ ಅವರು ಆಣೆಯ ಮಾತೆತ್ತಿದರು. ಆ ಸುದ್ದಿಯೂ ಬಂದಿತ್ತು.

"ಮಾಡ್ತೇನಿ," ಎಂದೆ. "ಕಸದಾಗ ಏನ ಕಂಡ್ರೂ ಹೇಳೂದಿಲ್ಲ. ಇಲಿ ಒಂದ ಬಿಟ್ಟು. ಇಲಿ ಕಂಡ್ರ ಆ ಗಳಿಗ್ಯಾಗ ಹೇಳ್ತೇನಿ. ಮೊದಲಿಗೆ ಬುಟ್ಟಿ ಎತ್ತೂವಾಕಿ ಮುಂದ, ಆಮ್ಯಾಲ ಊರ ಮುಂದ."

ಒಬ್ಬಳು ಮುದುಕಿ ಮೂಗು ಮುರಿದಳು. "ಇದ್ಯಾವ ಆಣಿರಿ? ತೂತು ಕೊಡದಾಗ ನೀರು ತಂದಂಗ!"

ನಗುತ್ತ ಒಬ್ಬೊಬ್ಬರೇ ಎದ್ದು ಹೋದರು. ಎರಡು ತಿಂಗಳು ಗಾಡಿ ಅರ್ಧವೂ ತುಂಬಲಿಲ್ಲ. ನಾನು ಯಾರ ಮನೆಗೂ ಹೋಗಿ ಕಾಡಲಿಲ್ಲ, ಮಾತನ್ನು ಸಡಿಲಿಸಲೂ ಇಲ್ಲ.

ಚಳಿ ಬಿದ್ದ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನನಗೆ ಪರಿಚಯವಿಲ್ಲದವಳು. ಬಗಲಲ್ಲಿ ಕೂಸು, ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಬುಟ್ಟಿ.

"ಹತ್ತರ ಬರಬ್ಯಾಡ್ರಿ," ಎಂದಳು. "ಇಕ್ಕಳದಿಂದ ಹಿಡದು ಹಾಕೇನಿ. ನಮ್ಮ ಮನೀದು. ಹೇಳ್ರಿ ಎಲ್ಲಾರಿಗೂ."

ನಾನು ಇದ್ದಲ್ಲೇ ನಿಂತು ನೋಡಿದೆ. ಬುಟ್ಟಿಯ ಮೇಲೆ ಬೂದಿ ಇರಲಿಲ್ಲ.